ಅಣ್ಣನ ಕಂಪ್ಯೂಟರ್ ಸರಿಹೋಯಿತು

ನನ್ನ ಗೆಳೆಯ ತೀರಿಕೊಂಡ. ಜೆರಾಕ್ಸ್ ಯಂತ್ರ ರಿಪೇರಿ ಅವನ ಕಸುಬು. ಮನೆಯವರಿಗೆ ಮಾತ್ರ ಅವನು 'ಡಾಕ್ಟ್ರು'. ಅಣ್ಣ, ಅಕ್ಕ, ಚಿಕ್ಕಮ್ಮ, ಎಲ್ಲರಿಗೂ ಕಂಪ್ಯೂಟರ್ ಕಬ್ಬಿಣದ ಕಡಲೆ. ಯಾರದು ಕೆಟ್ಟರೂ ಇವನು ತನ್ನ ಕೋಣೆಯಲ್ಲಿ ಕೂತೇ ಇಂಟರ್ನೆಟ್ ಮೂಲಕ ಅದರ ಪರದೆಯನ್ನು ತನ್ನ ಲ್ಯಾಪ್‌ಟಾಪಿಗೆ ತಂದುಕೊಂಡು ಸರಿಮಾಡುತ್ತಿದ್ದ.

"ಚಿಕ್ಕಮ್ಮ, ಮೌಸ್ ಬಿಡಿ. ಬಿಟ್ಟಿದ್ದೀನಿ ಅಂತೀರಿ, ಬಾಣ ಓಡಾಡ್ತಿದೆಯಲ್ಲ, ಅದೇನು ದೆವ್ವವಾ?" ಎಂದು ಫೋನಿನಲ್ಲಿ ಗದರುವಾಗಲೂ ಅವನ ದನಿಯಲ್ಲಿ ನಗು ಇರುತ್ತಿತ್ತು.

ಅವನು ಯಂತ್ರದ ಹೊಟ್ಟೆಯೊಳಗೆಲ್ಲೋ ಹೊಕ್ಕು ಕೆಲಸ ಮಾಡುತ್ತಾನೆ, ಪರದೆಯ ಮೇಲಿರುವುದು ಅವನಿಗೆ ಕಾಣುವುದಿಲ್ಲ ಎಂದೇ ಅವರೆಲ್ಲ ನಂಬಿದ್ದರು. ಎಷ್ಟು ಸಲ ಬಿಡಿಸಿ ಹೇಳಿದರೂ "ಹೂಂ ಹೂಂ" ಎನ್ನುತ್ತಿದ್ದರು, ಅಷ್ಟೆ.

ಅವನ ಎರಡೂ ಕಿಡ್ನಿ ಕೈಕೊಟ್ಟವು. ತನ್ನದೊಂದನ್ನು ಕೊಡುತ್ತೇನೆಂದು ಅಣ್ಣ ಎಲ್ಲರೆದುರು ಮಾತು ಕೊಟ್ಟ. ಗೆಳೆಯ ಉಸಿರು ಹಿಡಿದಿದ್ದದ್ದೇ ಆ ಮಾತಿನ ಮೇಲೆ. ಕಿಡ್ನಿ ಹೊಂದುತ್ತದೆಯೇ ಎಂದು ಅಣ್ಣನನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸುವ ಹಿಂದಿನ ಸಂಜೆ ನಾನು ಗೆಳೆಯನ ಮಂಚದ ಪಕ್ಕದಲ್ಲಿದ್ದೆ. ಫೋನು ಬಂತು.

"ಡಾಕ್ಟ್ರೇ, ನಮ್ಮ ಪೇಷೆಂಟು ಮತ್ತೆ ಮಕಾಡೆ ಮಲಗಿದೆ ಕಣೋ. ಪ್ರಿಂಟೇ ಬರ್ತಿಲ್ಲ."

"ಕೈ ಎತ್ತಣ್ಣ, ನೋಡ್ತೀನಿ."

ಕೆಲಸ ಅರ್ಧಕ್ಕೆ ಬಂದಿತ್ತು. ಪರದೆಯ ಮೂಲೆಯಲ್ಲಿ ಅಕ್ಕನ ಮೆಸೇಜು ಬಂತು: 'ನಾಳೆ ಹೋಗ್ತೀಯಾ?' ಅಣ್ಣ ಅದನ್ನು ಅಲ್ಲೇ ತೆರೆದ. ನಮ್ಮ ಕಣ್ಣೆದುರೇ ಅಕ್ಷರಗಳು ಒಂದೊಂದಾಗಿ ಮೂಡಿದವು: 'ಇಲ್ಲ. ಹೊಂದಲಿಲ್ಲ ಅಂತ ಹೇಳಿಬಿಡ್ತೀನಿ. ಅವನಿಗೋಸ್ಕರ ನಾನ್ಯಾಕೆ ಹೊಟ್ಟೆ ಕೊಯ್ಸಿಕೊಳ್ಳಲಿ?'

ಅಕ್ಕನ ಉತ್ತರ ತಡವಾಗಲಿಲ್ಲ. 'ಅದೂ ಸರಿಯೇ. ಅವನಿಗೇನು ಹೆಂಡ್ತಿಯಾ, ಮಕ್ಕಳಾ? ಮೊದಲು ಕಂಪ್ಯೂಟರ್ ಸರಿ ಮಾಡಿಸ್ಕೋ, ಆಮೇಲೆ ಹೇಳು.'

ಲ್ಯಾಪ್‌ಟಾಪ್ ಮುಚ್ಚಲು ನಾನು ಕೈ ಚಾಚಿದೆ. ಅವನು ನನ್ನ ಕೈ ಸರಿಸಿದ. ಡಯಾಲಿಸಿಸ್ಸಿಗೆ ಸೂಜಿ ಚುಚ್ಚಿಸಿಕೊಂಡು ಗಂಟುಗಟ್ಟಿದ್ದ ತೋಳನ್ನು ಮತ್ತೆ ಕೀಲಿಗಳತ್ತ ಚಾಚಿದ.

"ಅಣ್ಣಾ, ಮೌಸ್ ಮುಟ್ಬೇಡ. ಇನ್ನೂ ಆಗಿಲ್ಲ."

ಸ್ವಲ್ಪ ಹೊತ್ತಿಗೆ ಪ್ರಿಂಟರ್ ಕಾಗದ ಎಳೆದುಕೊಳ್ಳುವ ಸದ್ದು ಫೋನಿನಲ್ಲಿ ಕೇಳಿಸಿತು. "ನೀನಿಲ್ದಿದ್ರೆ ನಮ್ಮ ಗತಿ ಏನೋ!" ಎಂದ ಅಣ್ಣ.

ಕೆಲವು ದಿನ ಬಿಟ್ಟು ಅವನೇ ಬಂದು, ಹೊಂದಲಿಲ್ಲವೆಂದು ಹೇಳಿ ಕಣ್ಣೊರೆಸಿಕೊಂಡ. "ಇರ್ಲಿ ಬಿಡಣ್ಣ," ಎಂದ ಗೆಳೆಯ. ಬೇರೆ ಯಾರೂ ಸಿಗಲಿಲ್ಲ. ಅವನು ಹುಡುಕಲೂ ಇಲ್ಲ.

ಸಾವಿನ ಮನೆಯಲ್ಲಿ ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ: "ಕೊಡೋಕೆ ತುದಿಗಾಲಲ್ಲಿ ನಿಂತಿದ್ದೆ. ಹೊಂದಬೇಕಲ್ಲ!" ನನಗೆ ತಡೆಯಲಾಗಲಿಲ್ಲ. ಅವನನ್ನು ಬಾಗಿಲಾಚೆ ಕರೆದುಕೊಂಡು ಹೋಗಿ ಹೇಳಿದೆ: "ಅವತ್ತು ನೀವು ಅಕ್ಕನಿಗೆ ಬರೆದದ್ದನ್ನ ಅವನು ಓದಿದ. ನೀವು ಬರೀತಿದ್ದ ಹಾಗೇ ಓದಿದ."

ಅಣ್ಣನ ಮುಖ ಬಿಳಿಚಿಕೊಂಡಿತು. ಆಮೇಲೆ ನಿಧಾನವಾಗಿ ಹುಬ್ಬು ಗಂಟಿಕ್ಕಿತು.

"ಬೇರೆಯವರ ಮೆಸೇಜು ಓದ್ತಿದ್ನಾ ಅವನು? ಛೆ! ಅವನನ್ನ ಎಷ್ಟು ನಂಬಿದ್ವಿ ನಾವು."