ರಸ್ತೆ ಬದಿಯ ಸಾಲುಗಳು

ಉಜ್ಜಿನಿ ರಸ್ತೆಯ ಮರುಳಪ್ಪನಿಗೆ ಒಂದು ಚಟ ಇತ್ತು. ಬೀಡಿಯೋ ಇಸ್ಪೀಟೋ ಆಗಿದ್ದರೆ ಮನೆಯವರು ಬೈದು ಬಿಡಿಸುತ್ತಿದ್ದರು. ಇವನದು ಹೊಗಳಿಸಿಕೊಳ್ಳುವ ಚಟ. ಹೊಲ ರಸ್ತೆಗೆ ಅಂಟಿಕೊಂಡೇ ಇದೆ. ಕೊಟ್ಟೂರಿನ ಬಸ್ಸು ಸುಮ್ಮನೆ ಹತ್ತಿ ಕೂರುತ್ತಿದ್ದ. ಯಾರಾದರೂ ಕಿಟಕಿಯಿಂದ ನೋಡಿ “ಯಾರ್ದೋ ಈ ಮೆಕ್ಕೆಜೋಳ?” ಅಂದರೆ ಸಾಕು, ಅವತ್ತು ಎರಡು ರೊಟ್ಟಿ ಹೆಚ್ಚು ಇಳಿಯುತ್ತಿತ್ತು. ಅದಕ್ಕೇ ಗೊಬ್ಬರ, ಕಳೆ, ಔಷಧ ಎಲ್ಲ ಮೊದಲು ರಸ್ತೆ ಬದಿಯ ಸಾಲುಗಳಿಗೆ. ಒಳಗಿನವು ಮಲಮಕ್ಕಳು ಅಂತ ಈಗ ಅವನೇ ಹೇಳಿಕೊಂಡು ನಗುತ್ತಾನೆ.

ಎರಡು ಸಾವಿರದ ಇಪ್ಪತ್ಮೂರರಲ್ಲಿ ಬಿತ್ತನೆಗೆ ಮುಂಚೆಯೇ ಸೊಸೆ ಗೀತಾಂಜಲಿ ಎಚ್ಚರಿಸಿದ್ದಳು. ಕೃಷಿ ಡಿಪ್ಲೊಮಾ ಓದಿದವಳು. ದೂರದ ಪೆಸಿಫಿಕ್ ಸಾಗರದ ನೀರು ಕಾದು ಬಿಸಿಯಾಗುತ್ತಿದೆ, ಅದಕ್ಕೆ ಎಲ್ ನಿನೊ ಅಂತಾರೆ, ಅದು ಬಂದ ವರ್ಷ ನಮ್ಮ ಮುಂಗಾರು ಸೊರಗೋದೇ ಹೆಚ್ಚು, ಅರ್ಧ ಹೊಲಕ್ಕೆ ನವಣೆ ಹಾಕೋಣ ಅಂದಳು. ತುಂಗಭದ್ರೆಗಿಂತ ದೊಡ್ಡ ನೀರು ಕಾಣದ ಮರುಳಪ್ಪ ಸಮುದ್ರಕ್ಕೇ ಬುದ್ಧಿ ಹೇಳಲು ಹೊರಟ. ಅಲ್ಲೆಲ್ಲೋ ನೀರು ಕಾದರೆ ಇಲ್ಲಿನ ಬೆಳೆಗೆ ಜ್ವರ ಬರುತ್ತೇನು ಎಂದು ಊರ ಕಟ್ಟೆಯಲ್ಲಿ ಕೂತವರನ್ನೆಲ್ಲ ನಗಿಸಿದ. ನವಣೆ ಗಿಡ್ಡ ಬೆಳೆ, ಬಸ್ಸಿನವರ ಕಣ್ಣಿಗೆ ಬೀಳೋದಿಲ್ಲ ಅನ್ನೋದು ಒಳಗಿನ ಮಾತು.

ಜುಲೈ ಮಳೆ ಆಸೆ ಹಚ್ಚಿತು. ಗಿಡ ಎದೆಯುದ್ದ ಬಂತು. ಆಗಸ್ಟಿನಲ್ಲಿ ಕಾಳು ಕಟ್ಟುವ ಹೊತ್ತಿಗೆ ಮೋಡ ಮುಖ ತಿರುಗಿಸಿತು. ಗಿಡ ಸಾಯಲಿಲ್ಲ, ಹಸಿರಾಗೇ ನಿಂತಿತು. ತೆನೆ ಮಾತ್ರ ಬೊಕ್ಕ. ಜನ ಹಸಿರು ಬರ ಅಂದರು. ಬೋರಿನಲ್ಲಿ ಬರುತ್ತಿದ್ದ ಬೆರಳಗಾತ್ರದ ನೀರನ್ನು ಮರುಳಪ್ಪ ಎಲ್ಲಿಗೆ ಬಿಟ್ಟ ಅಂತ ಕೇಳಲೇಬೇಡಿ. ಮೇಲೆ ಥಳುಕು ಒಳಗೆ ಹುಳುಕು ಅಂತ ಹೆಂಡತಿ ನಾಗಲಿಂಗಮ್ಮ ಕುಟುಕಿದ್ದೂ ಕಿವಿಗೆ ಬೀಳಲಿಲ್ಲ.

ಬರ ಪರಿಶೀಲನೆಗೆ ಅಧಿಕಾರಿಗಳು ಬಂದ ದಿನ ಜೀಪು ನಿಂತದ್ದು ಆ ಸಾಲುಗಳ ಮುಂದೆಯೇ. ಊರಿನ ಮೊದಲ ಹೊಲ ಅದು. ಅವರು ಕಂಡದ್ದನ್ನೇ ಬರೆಯುವವರು. ಇಡೀ ಊರಿನ ಪರಿಹಾರ ಅದರ ಮೇಲೆ ನಿಂತಿತ್ತು. ಹಿರಿಯ ಅಧಿಕಾರಿ ತುಂಬು ತೆನೆಯೊಂದನ್ನು ಸುಲಿದು, ಇಷ್ಟು ಚೆಂದದ ಬೆಳೆಗೆ ಎಂಥ ಬರ, ಯಾರದಪ್ಪಾ ಈ ಹೊಲ ಎಂದು ಕೇಳಿದರು. ಜೀವಮಾನವೆಲ್ಲ ಕಾದ ಹೊಗಳಿಕೆ ಸರ್ಕಾರಿ ಜೀಪಿನಲ್ಲೇ ಬಂದಿತ್ತು. ಮರುಳಪ್ಪನ ಕೈ ತಾನಾಗೇ ಮೀಸೆಗೆ ಹೋಯಿತು.

ಅಷ್ಟರಲ್ಲಿ ಪಕ್ಕದ ಹೊಲದ ಓಬಮ್ಮ ಕಣ್ಣಿಗೆ ಬಿದ್ದಳು. ಆ ವರ್ಷ ಅವಳಿಗೆ ಸಿಕ್ಕದ್ದು ಕುರಿಗಳಿಗೆ ಮೇವು ಮಾತ್ರ. ಅವಳು ಸೆರಗಿನ ತುದಿ ಹಿಡಿದು ಇವನನ್ನೇ ನೋಡುತ್ತಿದ್ದಳು. ಮರುಳಪ್ಪ ನಾಚಿ ಮೀಸೆಯ ಮೇಲಿನ ಕೈ ಇಳಿಸಿದ.

“ಇದು ಹೊಲ ಅಲ್ರಿ ಸಾಹೇಬ್ರ, ನನ್ನ ಜಂಬ ಐತಿ,” ಅಂದ. “ಇದ್ದಬದ್ದ ನೀರೆಲ್ಲ ಇದಕ್ಕ ಕುಡಿಸೀನಿ. ಹೊಲ ಒಳಗೈತಿ, ಬರ್ರಿ.”

ಊರವರೆಲ್ಲ ನೋಡುತ್ತಿರುವಾಗ ಅವರನ್ನು ಒಳಗೆ ಕರೆದೊಯ್ದು, ತೆನೆಗಳನ್ನು ತಾನೇ ಮುರಿದು ಸುಲಿದು ತೋರಿಸಿದ. ಒಂದರಲ್ಲಿ ನಾಕು ಕಾಳು, ಇನ್ನೊಂದರಲ್ಲಿ ಬರೀ ದಿಂಡು. ಅಲ್ಲಿಂದ ಓಬಮ್ಮನ ಹೊಲಕ್ಕೂ ದಾರಿ ತೋರಿಸಿದ. ಊರಿಗೆ ಬರ ಬಿದ್ದದ್ದು ಹೌದು ಅಂತ ಅಧಿಕಾರಿಗಳು ಬರೆದುಕೊಂಡು ಹೋದರು.

ಮರುವರ್ಷ ರಸ್ತೆ ಬದಿಗೇ ನವಣೆ ಬಿತ್ತಿದ. ಬಸ್ಸಿನಲ್ಲಿ ಯಾರೋ ಪಕ್ಕದವರಿಗೆ ಕೈ ಮಾಡಿ ತೋರಿಸಿದರು: “ಅದ ನೋಡ್ರಿ, ಆ ಜಂಬದ ಹೊಲ.”

ಹಿಂದಿನ ಸೀಟಿನಿಂದ ಮರುಳಪ್ಪ ಬಗ್ಗಿ, “ಹೌದ್ರಿ, ನಂದ ಅದು,” ಅಂದ.