ಗೌರಮ್ಮ ಸುಟ್ಟ ಬಟ್ಟಲು

ಯಡಿಯೂರಿನ ಕುಂಬಾರರ ಗೌರಮ್ಮ ತನ್ನ ಜೀವಮಾನದಲ್ಲಿ ಎಷ್ಟು ಸಾವಿರ ಮಡಕೆ ಸುಟ್ಟಳೋ ದೇವರೇ ಬಲ್ಲ. ನಾನು ಬರೆಯಹೊರಟಿರುವುದು ಒಂದೇ ಬಟ್ಟಲಿನ ಸಂಗತಿ. ಅದು ಜಯನಗರದ ಒಂದು ಮನೆಯ ಅಡಿಗೆಮನೆ ಕೆಳಗಿದೆ. ಅದರ ಮೇಲೆ ಕಲ್ಲು ಕೂರಿಸಿದ ಗಾರೆ ಕೆಲಸದವನು ನಾನೇ. ಅಂಗಡಿ ಬೋರ್ಡು ನೋಡಿ ನೋಡಿ ಅಕ್ಷರ ಕೂಡಿಸಿಕೊಂಡವನು. ಕಂಡದ್ದನ್ನು ಕಂಡ ಹಾಗೆ ಬರೆಯಲು ಅಷ್ಟು ಸಾಕು.

೧೯೫೯ನೇ ಇಸವಿ. ಸರ್ಕಾರಿ ಗುಮಾಸ್ತೆ ಗುಂಡಣ್ಣನವರು ಬಸವನಗುಡಿಯ ಬಾಡಿಗೆ ಮನೆ ಸಾಕಾಗಿ ಜಯನಗರದಲ್ಲಿ ಮನೆ ಕಟ್ಟಿಸುತ್ತಿದ್ದರು. ಪಾಯ ತೋಡಿಸುವಾಗ ಅಡಿಗೆಮನೆ ಮೂಲೆಯಲ್ಲಿ, ನಾಲ್ಕಡಿ ಕೆಳಗೆ, ಹಾರೆ ಚಪ್ಪಡಿಗೆ ತಾಗಿ ಠಣ್ಣೆಂದಿತು. ಎತ್ತಿಸಿದರೆ ಕೆಳಗೆ ಬಿರುಕು ಬಿಟ್ಟ ದೊಡ್ಡ ಗುಡಾಣ, ಅದರೊಳಗೆ ಮೂಳೆ ಚೂರು. ಪಕ್ಕದಲ್ಲಿ ಒಂದು ಬಟ್ಟಲು. ಹೊರಗೆ ಕೆಂಪು, ಒಳಗೆ ಕಪ್ಪು, ಆಗತಾನೇ ಎಣ್ಣೆ ಸವರಿದ ಹಾಗೆ ಮಿನುಗು.

ಗುಂಡಣ್ಣನವರು ತಮಗೆ ಪರಿಚಯದ ಕಾಲೇಜು ಮೇಷ್ಟ್ರೊಬ್ಬರನ್ನು ಕರೆತಂದರು. ಎರಡು ಸಾವಿರ ವರ್ಷಕ್ಕೂ ಹಳೆಯ ಸಮಾಧಿ ಎಂದರು ಅವರು. ಗುಡಾಣ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ಅಲ್ಲೇ ಬಿಟ್ಟು ಬಟ್ಟಲನ್ನು ಮಾತ್ರ ಪಂಚೆಯಲ್ಲಿ ಸುತ್ತುತ್ತಿದ್ದರು. ಅಷ್ಟರಲ್ಲಿ ಕೆಲಸದವರಿಗೆ ನೀರಿನ ಮಡಕೆ ತಂದ ಗೌರಮ್ಮ ಮಂಕರಿ ಇಳಿಸಿ ಕೈ ಚಾಚಿದಳು.

"ಒಂದು ಗಳಿಗೆ ಕೊಡಿ ಸ್ವಾಮಿ."

ಬಟ್ಟಲಿನೊಳಗೆ ಹೆಬ್ಬೆರಳು ಆಡಿಸಿದಳು. "ಇದ್ನ ಮಾಡಿದೋಳು ಗಜ್ಜುಗದ ಕಾಯಲ್ಲೇ ಉಜ್ಜವ್ಳೆ. ನಾನೂ ಅಂಗೇ ಉಜ್ಜೋದು. ಆದ್ರೆ ಈ ಕಪ್ಪು ಎಲ್ಲಿಂದ ತಂದ್ಲೋ, ಕಳ್ಳಿ!"

"ಇದು ಮ್ಯೂಸಿಯಮ್ಮಿಗೆ ಹೋಗಬೇಕಮ್ಮ," ಎಂದರು ಮೇಷ್ಟ್ರು.

"ಓಗ್ಲಿ ಸ್ವಾಮಿ. ಆದ್ರೆ ಸತ್ತೋರಿಗೆ ಕೊಟ್ಟ ಮಡಕೆ ವಾಪಸ್ ಎತ್ಕೊಳೋ ಪದ್ಧತಿ ನಮ್ಮಲ್ಲಿಲ್ಲ. ಒಂದು ತಗೊಂಡ್ರೆ ಒಂದು ಇಡ್ಬೇಕು." ಗುಂಡಣ್ಣನವರ ಹೆಂಡತಿ ಚೂಡಾಮಣಿಯವರ ಕಡೆ ತಿರುಗಿದಳು. "ತಾಯಿ, ಕೆಳಗಡೆ ಅವ್ರು ಬಟ್ಲಿಲ್ದೆ ಕೂತಿರ್ತಾರೆ, ಮ್ಯಾಲೆ ನೀವು ದಿನಾ ಒಗ್ಗರಣೆ ಹಾಕ್ತೀರ. ಬರೀ ವಾಸ್ನೆ ಕುಡ್ಕೊಂಡು ಎಷ್ಟು ದಿನ ಸುಮ್ಕಿದ್ದಾರು?"

ಚೂಡಾಮಣಿಯವರ ಮುಖ ಬಿಳಿಚಿತು. "ರೀ, ಬಟ್ಟಲು ಇಡೋ ತನಕ ನಾನಿಲ್ಲಿ ಒಲೆ ಹಚ್ಚಲ್ಲ."

"ಯಾವುದೋ ಒಂದು ಇಟ್ಟುಬಿಡಮ್ಮ," ಎಂದರು ಗುಂಡಣ್ಣನವರು.

"ಯಾವ್ದೋ ಒಂದಾ? ಇಂಥಾದ್ದು ಕಿತ್ಕೊಂಡು ಸಂತೆ ಬಟ್ಲು ಕೊಟ್ರೆ ಮರ್ಯಾದೆನಾ ಸ್ವಾಮಿ? ಬೋರಣ್ಣ, ಆ ಮೂಲೆ ಎಷ್ಟು ದಿನ ಬಿಟ್ಟಿರ್ತೀಯ?"

"ಉಳಿದ ಪಾಯ ಏಳೋಕೆ ಹದಿನೈದು ದಿನ," ಎಂದೆ. "ಆಮೇಲೆ ನಿಲ್ಸಕ್ಕಾಗಲ್ಲ ಕಣಕ್ಕ."

ಅವರ ಮನೆಯಲ್ಲಿ ತಿಗರಿ ತಿರುಗಿಸುವುದು ಗಂಡ ಬೈರಣ್ಣ. ಉಜ್ಜುವುದು, ಸುಡುವುದು ಗೌರಮ್ಮ. ಮಡಕೆ ಸುಡುವ ಆವಿಗೆಯನ್ನು ಮೊದಲ ಸಲ ತೆಗೆದಾಗ ಬಟ್ಟಲು ಒಳಗೂ ಹೊರಗೂ ಕೆಂಪು. ಎರಡನೆಯ ಸಲ ಆವಿಗೆಗೆ ಗಾಳಿಯಾಡದಂತೆ ಮಣ್ಣು ಮೆತ್ತಿದಳು. ಒಳಗೂ ಹೊರಗೂ ಕಪ್ಪು.

"ತಿರುಗಿಸ್ತಾ ತಿರುಗಿಸ್ತಾನೇ ಸಾಯ್ತೀನಿ," ಎಂದ ಬೈರಣ್ಣ. "ಆ ಮೂಳೆ ಪಕ್ಕ ನನ್ನೂ ಮಲಗಿಸ್ಬುಡು."

"ನಿನ್ ಗಾತ್ರಕ್ಕೆ ಗುಡಾಣ ಮಾಡೋರ್ಯಾರು?"

ಹನ್ನೆರಡನೆಯ ದಿನ ಬೆಳಗ್ಗೆ ನಾನು ವಿಚಾರಿಸಲು ಹೋದೆ. ರಾತ್ರಿ ಕೆಂಡ ಆರದಿರಲೆಂದು ಒಲೆಯ ಮೇಲೆ ಕವುಚಿದ್ದ ಮಡಕೆಯನ್ನು ಗೌರಮ್ಮ ಎತ್ತುತ್ತಿದ್ದಳು. ಎತ್ತಿದವಳು ಅಲ್ಲೇ ಕೂತುಬಿಟ್ಟಳು. ಒಳಗೆ ಕಪ್ಪು, ಹೊರಗೆ ಕೆಂಪು.

"ಇಪ್ಪತ್ತು ವರ್ಷದಿಂದ ದಿನಾ ಕವುಚ್ತಿದೀನಲ್ಲೋ ಬೋರಣ್ಣ! ಕಣ್ಣು ಎಲ್ಲಿಟ್ಟಿದ್ದೆ ನಾನು?"

ಅದು ಬರಿ ಮಸಿ, ಬೆರಳಿಗೆ ಹತ್ತಿತು. ಆದರೆ ದಾರಿ ಸಿಕ್ಕಿತ್ತು. ಒಣಗಿಸಿಟ್ಟಿದ್ದ ಬಟ್ಟಲುಗಳೊಳಗೆ ಭತ್ತದ ಹೊಟ್ಟು ಗಿಡಿದು, ಹೊಗೆ ಒಳಗೇ ನಿಲ್ಲಲೆಂದು ಬಾಯಿ ಕೆಳಗೆ ಮಾಡಿ ಆವಿಗೆಗೆ ಜೋಡಿಸಿದಳು.

ಹದಿನೈದನೆಯ ದಿನ ನಾನು ಗಾರೆ ಕಲಸಿಕೊಂಡು ದಾರಿ ನೋಡುತ್ತಿದ್ದೆ. ಗೌರಮ್ಮ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಐದು ಸುಟ್ಟದ್ದರಲ್ಲಿ ನಾಲ್ಕು ಒಡೆದಿದ್ದವು. ಉಳಿದದ್ದು ಹೊರಗೆ ಕೆಂಪು, ಒಳಗೆ ಕಪ್ಪು, ಉಜ್ಜಿದರೂ ಹೋಗದ ಕಪ್ಪು. ತಳದಲ್ಲಿ ಮಾತ್ರ ಎರಡು ಬೆರಳಗಲ ಕೆಂಪು ಉಳಿದಿತ್ತು.

"ಮಣ್ಣೊಳಗೆ ಯಾರಿಗೆ ಕಾಣ್ತದೆ ಬಿಡಕ್ಕ," ಎಂದೆ.

"ಮಾಡಿದೋಳಿಗೆ ಕಾಣಲ್ವಾ?"

ಚೂಡಾಮಣಿಯವರು ಬಸವನಗುಡಿಯಿಂದ ಡಬ್ಬಿಯಲ್ಲಿ ಮೊಸರನ್ನ ತಂದಿದ್ದರು. ಮಡಿಯ ಯೋಚನೆ ಬಿಟ್ಟು, ಬಗ್ಗಿ, ಬಟ್ಟಲಿಗೆ ತಾವೇ ಹಾಕಿದರು.

"ಒಗ್ಗರಣೆ ಹಾಕಿದೀರಾ ತಾಯಿ?"

"ಹಾಕಿದೀನಮ್ಮ. ಇಂಗು ಸಹ."

ಗೌರಮ್ಮ ತಾನೇ ಹಳ್ಳಕ್ಕಿಳಿದು ಗುಡಾಣದ ಪಕ್ಕದಲ್ಲಿ ಬಟ್ಟಲಿಟ್ಟಳು. "ಅಕ್ಕಾ, ನಿನ್ನಷ್ಟು ಚೆಂದ ಬರ್ಲಿಲ್ಲ. ತಳದಲ್ಲಿ ಒಂಚೂರು ಕೆಂಪು ಉಳೀತು. ಮೂರೇ ಆವಿಗೆ ಸುಟ್ಟೋಳು, ಒಟ್ಟೆಗಾಕ್ಕೋ." ಅವಳು ಮಾತಾಡಿದ್ದು ಸತ್ತವರ ಜೊತೆಯಲ್ಲ, ಹಳೆಯ ಬಟ್ಟಲನ್ನು ಮಾಡಿದವಳ ಜೊತೆ.

ಮೇಲೆ ಬಂದು ಕೈ ಒರೆಸಿಕೊಂಡಳು. ನಾಲ್ಕು ಆಳು ಚಪ್ಪಡಿ ಹಿಡಿದರು.

"ಮೆಲ್ಲಗೆ ಬೋರಣ್ಣ."

ಮೆಲ್ಲಗೇ ಇಳಿಸಿದೆವು. ನಲವತ್ತು ವರ್ಷ ಕಲ್ಲು ಕೂರಿಸಿದ್ದೇನೆ, ಅಷ್ಟು ಮೆಲ್ಲಗೆ ಇನ್ನೊಂದನ್ನು ಕೂರಿಸಿಲ್ಲ.