ಡ್ರೈವರ್ ಸೀಟಿಲ್ಲದ ಬಸ್ಸು

ಮುನಿನಾರಾಯಣಮ್ಮನವರ ಮನೆಗೆ ನೀವು ಊಟಕ್ಕೆ ಹೋದರೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ಸೊಂಟ ಗೋಡೆಗೆ, ಎಡಗೈ ಚೌಕಟ್ಟಿನ ಮೇಲೆ. "ಮುಂದೆ ಓಗಿ, ಮುಂದೆ ಓಗಿ, ಮಧ್ಯದಾಗೆ ಬೇಕಾದಷ್ಟು ಜಾಗ ಐತೆ," ಅನ್ನುತ್ತಾರೆ. ಹಾಲ್‌ನಲ್ಲಿ ಇರುವುದು ಮೂರೇ ಜನ. ಆದರೂ ನಾವು ಮೂವರೂ ಒತ್ತಿಕೊಂಡು ಒಳಗೆ ಸರಿಯುತ್ತೇವೆ. ಇಪ್ಪತ್ತಾರು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರ ಮಾತು, ಮೀರುವ ಧೈರ್ಯ ಯಾರಿಗಿದೆ?

ನನಗಂತೂ ಇಲ್ಲ. ಆ ಇಪ್ಪತ್ತಾರರಲ್ಲಿ ಹನ್ನೊಂದು ವರ್ಷ ಅವರ ಬಸ್ಸನ್ನು ಓಡಿಸಿದವನು ನಾನು, ಹೆಸರು ಚನ್ನು. ಯಲಹಂಕದಿಂದ ಹೊರಟು ಜಕ್ಕೂರು, ಹೆಬ್ಬಾಳದ ಮೇಲೆ ಯಶವಂತಪುರ, ಮತ್ತೆ ವಾಪಸ್ಸು. ಅವರಿಗೆ ನಾನು "ಡ್ರೈವ್ರೇ", ನನಗೆ ಅವರು "ಕಂಡಕ್ಟ್ರಮ್ಮ". ಈಗ ಇಬ್ಬರೂ ರಿಟೈರಾಗಿ ಜಕ್ಕೂರಿನಲ್ಲಿ ಎದುರುಬದುರು ಮನೆಯಲ್ಲಿದ್ದೇವೆ, ಕರೆಯುವುದು ಮಾತ್ರ ಹಾಗೆಯೇ.

ಡ್ರೈವರಾದವನಿಗೆ ತನ್ನ ಬಸ್ಸಿನ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿರುವುದಿಲ್ಲ. ಯಶವಂತಪುರದ ಮಾರ್ಕೆಟ್ಟಿನಿಂದ ಹತ್ತಿದ ಈರುಳ್ಳಿ ಮೂಟೆ ಬಿಚ್ಚಿಕೊಂಡು ಸೀಟಿನಡಿ ಉರುಳಾಡಲಿ, ಇಬ್ಬರು ಹೆಂಗಸರು ಕಿಟಕಿಗಾಗಿ ಜುಟ್ಟು ಹಿಡಿದುಕೊಳ್ಳಲಿ, ಅವನ ಕಣ್ಣು ರಸ್ತೆ ಮೇಲೆ, ಕಿವಿ ಕಂಡಕ್ಟರ್ ವಿಷಲ್ ಮೇಲೆ. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಕಂಡಕ್ಟ್ರಮ್ಮನ ಎರಡು ವಿಷಲ್ ಬಿತ್ತೆಂದರೆ ನನ್ನ ಬಲಗಾಲು ನನ್ನನ್ನು ಕೇಳದೆಯೇ ಆಕ್ಸಿಲರೇಟರ್ ಒತ್ತಿ ಕೆಳಗೆ ಹೋಗುತ್ತಿತ್ತು.

ಅವರದು ಇನ್ನೊಂದು ಅಭ್ಯಾಸ. ಸ್ಟಾಪು ಬರುವ ಮೊದಲೇ ಬಂತು ಅಂತ ಕೂಗಿಬಿಡುವುದು. ಬಸ್ಸು ಇನ್ನೂ ಕೊಡಿಗೇಹಳ್ಳಿ ಗೇಟಿನ ಟ್ರಾಫಿಕ್ಕಿನಲ್ಲಿ ತೆವಳುತ್ತಿರುವಾಗಲೇ "ಎಬ್ಬಾಳ ಬಂತು, ಎಬ್ಬಾಳ, ಇಳಿಯೋರು ಬನ್ನಿ" ಅನ್ನುವರು. ಒಬ್ಬ ಕೋಪದಲ್ಲಿ, "ಎಲ್ಲಮ್ಮ ಬಂತು ಹೆಬ್ಬಾಳ?" ಅಂದಿದ್ದ. "ನೀನು ಬಾಗ್ಲಿಗೆ ಬರೋ ಒತ್ಗೆ ಬತ್ತದೆ, ನಡಿಯಪ್ಪ," ಅಂದರು. ಬಂತು ಕೂಡ.

ಇಂಥವರು ರಿಟೈರಾದ ಮೇಲೆ ಸುಮ್ಮನೆ ಕೂರುತ್ತಾರೆಯೇ? ಜಕ್ಕೂರು ಕೆರೆಯ ಗೇಟಿನ ಪಕ್ಕದಲ್ಲಿ ಅವರ ಹೆಸರಿನಲ್ಲೊಂದು ಮೂವತ್ತು ನಲವತ್ತರ ಸೈಟಿದೆ. ಅಲ್ಲಿ ಗುಜರಿಗೆ ಹೋದ ಬಸ್ಸೊಂದನ್ನು ತಂದು ನಿಲ್ಲಿಸಿ, ಅದರೊಳಗೆ ಟಿಫನ್ ಹೋಟೆಲ್ ಇಡಬೇಕು ಅನ್ನುವುದು ಅವರ ಆಸೆ. ಮಗ ಗಿರಿ ಕಟ್ಟಡದ ಕಂಟ್ರಾಕ್ಟರು. ಅವನ ಲೆಕ್ಕಾಚಾರ ಬೇರೆ. ಅದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಪಿ.ಜಿ. ಎಬ್ಬಿಸಬೇಕು ಅಂತ ಪ್ಲಾನ್ ಬರೆಸಿಟ್ಟಿದ್ದ.

"ಅಮ್ಮಾ, ಗುಜರಿ ಬಸ್ಸಲ್ಲಿ ಇಡ್ಲಿ ತಿನ್ನೋಕೆ ಯಾರ್ ಬರ್ತಾರಮ್ಮ? ಜನ ನಗ್ತಾರೆ," ಅಂದ.

"ನಗ್ನಗ್ತಾ ತಿನ್ಲಿ ಬಿಡು," ಅಂದರು ಇವರು.

ಆದರೆ ಮಗನ ಮನಸ್ಸು ನೋಯಿಸಿ ಏನನ್ನೂ ಮಾಡುವವರಲ್ಲ. ಮುಂದಿನ ಭಾನುವಾರವೇ ಗುದ್ದಲಿ ಪೂಜೆ, ಪೂಜೆಯಾದ ತಕ್ಷಣ ಪಾಯ ತೆಗೆಯಲು ಜೆಸಿಬಿ ಅಂತ ಗಿರಿ ತೀರ್ಮಾನ ಮಾಡಿದ ದಿನ ನಾನು ಅವರ ಮನೆಗೆ ಹೋದೆ. ಕಂಡಕ್ಟ್ರಮ್ಮ ಕುರ್ಚಿಯಲ್ಲಿ ಕೂತಿದ್ದರು. ಮುಂದೆ ಹೋಗಿ ಅನ್ನಲಿಲ್ಲ, ಹಿಂದೆ ಹೋಗಿ ಅನ್ನಲಿಲ್ಲ.

ಅದೇ ವಾರ ಮೊಮ್ಮಗಳು ಮೋನಿಕಾಳ ಹುಟ್ಟುಹಬ್ಬ. ಹತ್ತು ತುಂಬಿತು. ಗಿರಿ ಆರ್.ಟಿ. ನಗರದ ಅಂಗಡಿಯಿಂದ ಜೋಡಿಸಿ ಆಡುವ ಆಟದ ಸಾಮಾನಿನ ದೊಡ್ಡ ಡಬ್ಬಿಯೊಂದನ್ನು ತಂದ. ಆತುರದಲ್ಲಿ ಡಬ್ಬಿಯ ಮೇಲಿನ ಚಿತ್ರ ನೋಡಿರಲಿಲ್ಲ, ಪಾಪ. ಅದು ಹಳೆಯ ಬಸ್ಸನ್ನು ಮನೆಯಾಗಿ ಬದಲಾಯಿಸುವ ಸೆಟ್ಟು. ಮೊದಲು ಬಸ್ಸು ಜೋಡಿಸಬೇಕು, ಆಮೇಲೆ ಸೀಟು ಕಿತ್ತು ಅದರೊಳಗೆ ಒಲೆ, ಮೇಜು, ಮಂಚ ಕೂರಿಸಬೇಕು. ಒಟ್ಟು ಆರುನೂರ ನಲವತ್ತು ಚೂರು.

ಕಂಡಕ್ಟ್ರಮ್ಮ ಡಬ್ಬಿ ನೋಡಿದವರೇ ಎದ್ದು ನಿಂತರು. "ನೋಡೋ ಗಿರಿ, ಇಂಗೇ ಕಣೋ ನಾನು ಏಳಿದ್ದು!"

ಗಿರಿ ನಕ್ಕುಬಿಟ್ಟ. "ಸರಿ ಕಣಮ್ಮ. ಈ ಆಟದ ಬಸ್ಸಲ್ಲೇ ಹೋಟ್ಲು ಹೆಂಗ್ ನಡಿಯುತ್ತೆ ಅಂತ ತೋರ್ಸು. ಒಪ್ಪೋ ಹಂಗಿದ್ರೆ ಜೆಸಿಬಿ ವಾಪಸ್ ಕಳಿಸ್ತೀನಿ."

ಅವನು ಹೇಳಿದ್ದು ತಮಾಷೆಗೆ. ಅವರು ಹಿಡಿದುಕೊಂಡಿದ್ದು ಗಟ್ಟಿಯಾಗಿ.

ಮೋನಿಕಾ ಆಟದ ಸಾಮಾನುಗಳನ್ನು ಬಿಚ್ಚಿ, ಜೋಡಿಸಿ, ಮಾರ್ಕ್ಸ್ ಕೊಟ್ಟು ಮೊಬೈಲಿನಲ್ಲಿ ವಿಡಿಯೊ ಹಾಕುವ ಹುಡುಗಿ. ಶನಿವಾರ ಬೆಳಿಗ್ಗೆ ಅಜ್ಜಿಯನ್ನೂ ಕೂರಿಸಿಕೊಂಡಳು, ಎಕ್ಸ್‌ಪರ್ಟ್ ಬೇಕು ಅಂತ ನನ್ನನ್ನೂ ಕರೆದಳು. ನಾನು ಇಸ್ತ್ರಿ ಹಾಕಿದ ಖಾಕಿ ತೊಟ್ಟುಕೊಂಡೇ ಹೋದೆ.

ಕಂಡಕ್ಟ್ರಮ್ಮ ಮೊದಲು ಚೂರುಗಳನ್ನು ತಲೆ ಎಣಿಸಿದಂತೆ ಎಣಿಸಿದರು. "ಒಂದು ಕಮ್ಮಿ ಐತೆ. ಎಲ್ಲಾರೂ ಏಳಿ." ಎಲ್ಲರೂ ಎದ್ದೆವು. ನನ್ನ ತೊಡೆಯಡಿಯಲ್ಲಿ ಒಂದು ಚಕ್ರ ಸಿಕ್ಕಿತು. ಟಿಕೆಟ್ ಇಲ್ಲದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಡಬ್ಬಿಯಲ್ಲಿ ನಾಲ್ಕು ಗೊಂಬೆ, ಒಂದು ನಾಯಿಯೂ ಇದ್ದವು. ನಾಯಿಗೆ ಲಗೇಜು ಟಿಕೆಟ್ ಹಾಕಬೇಕು ಅಂತ ಅದನ್ನು ಪಕ್ಕಕ್ಕಿಟ್ಟರು.

ಎರಡು ಗಂಟೆ ಹೊತ್ತಿಗೆ ಬಸ್ಸು ಜೋಡಣೆಯಾಗಿ ನಿಂತಿತು. ಮೋನಿಕಾ ಮೊಬೈಲ್ ಎತ್ತಿ ಹಿಡಿದಳು. "ಅಜ್ಜಿ, ಏನ್ ಚೆನ್ನಾಗಿದೆ ಹೇಳಿ."

"ಕಿಟಕಿ ಚೆನ್ನಾಗವೆ. ಒಂದು ಬೆಳ್ಳಲ್ಲಿ ಎತ್ತಿದ್ರೂ ಏಳ್ತವೆ. ನಮ್ಮವು ಎತ್ತೋಕೆ ಇಬ್ರು ಬೇಕಿತ್ತು."

"ಏನ್ ಚೆನ್ನಾಗಿಲ್ಲ?"

"ಕಂಬಿ ಇಲ್ಲ. ನಿಂತೋರು ಏನ್ ಇಡ್ಕಬೇಕು?"

"ಅಜ್ಜಿ, ಇದು ಮನೆ!"

"ಮನೆ ಆದ್ರೇನು? ನೆಂಟ್ರು ಬಂದ್ರೆ ನಿಂತ್ಕಳಲ್ವಾ?"

ನಾನು ಅಲ್ಲಿಯವರೆಗೆ ಸುಮ್ಮನಿದ್ದೆ. ಸ್ಟೀರಿಂಗು ಎಡಗಡೆಗೆ, ಬಾಗಿಲು ಬಲಗಡೆಗೆ ಇದ್ದರೂ ಯಾವುದೋ ದೇಶದ ಬಸ್ಸು ಹಾಳಾಗಿ ಹೋಗಲಿ ಅಂತ ನುಂಗಿಕೊಂಡಿದ್ದೆ. ಆಗ ಮೋನಿಕಾ ಡಬ್ಬಿಯ ಜೊತೆ ಬಂದಿದ್ದ ಪುಸ್ತಕದ ಹಾಳೆ ತಿರುಗಿಸಿ, "ಈಗ ಡ್ರೈವರ್ ಸೀಟ್ ಕಿತ್ತು ಅಲ್ಲಿ ಒಲೆ ಇಡ್ಬೇಕು," ಅಂದಳು. ಕಂಡಕ್ಟ್ರಮ್ಮ ಕೈಹಾಕಿ ಟಪ್ಪಂತ ಕಿತ್ತೇಬಿಟ್ಟರು! ಸ್ವಲ್ಪವೂ ಯೋಚಿಸಲಿಲ್ಲ. ಹನ್ನೊಂದು ವರ್ಷ ಅವರನ್ನು ಹೊತ್ತುಕೊಂಡು ತಿರುಗಿದವನು ಎದುರಿಗೇ ಕೂತಿದ್ದೇನೆ!

"ಏನ್ರೀ ಅದು?" ಅಂದೆ.

"ಒಲೆಗೆ ಜಾಗ ಬೇಕಲ್ಲ ಡ್ರೈವ್ರೇ."

"ಜಾಗಕ್ಕೆ ಡ್ರೈವರ್ ಸೀಟೇ ಬೇಕಾಯ್ತಾ? ಡ್ರೈವರ್ ಇಲ್ದಿದ್ ಮೇಲೆ ಅದು ಬಸ್ಸಲ್ಲ ಕಣ್ರೀ, ತಗಡಿನ ಡಬ್ಬ! ಸೊನ್ನೆ! ಹತ್ತಕ್ಕೆ ಸೊನ್ನೆ ಮಾರ್ಕ್ಸು! ಬರ್ಕೊಳಮ್ಮ ಮೋನಿಕಾ!"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಿರಿ ಚಪ್ಪಾಳೆ ತಟ್ಟಿದ. "ನೋಡಮ್ಮ, ನಿನ್ ಡ್ರೈವರ್ರೇ ಸೊನ್ನೆ ಕೊಟ್ರು. ಮುಗೀತಲ್ಲ? ನಾಳೆ ಪೂಜೆ."

ಕಂಡಕ್ಟ್ರಮ್ಮ ಕಿತ್ತ ಸೀಟನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ದುಡುದುಡು ಬಂದುಬಿಟ್ಟೆ. ರಸ್ತೆ ದಾಟುವಷ್ಟರಲ್ಲೇ ನಾನು ಮಾಡಿದ್ದೇನು ಅನ್ನುವುದು ತಲೆಗೆ ಹೋಯಿತು. ಅವರ ಪರವಾಗಿ ಮಾತಾಡಲು ಇದ್ದವನು ನಾನೊಬ್ಬ, ನಾನೇ ಬಾಗಿಲು ಹಾಕಿ ಬಂದಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ವಾಪಸ್ಸು ಹೋಗಿ ತಪ್ಪಾಯಿತು ಅನ್ನೋಣವೆಂದರೆ ಹಾಳು ಮರ್ಯಾದೆ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಮುಖ ಸಣ್ಣದು ಮಾಡಿಕೊಂಡು ಸೈಟಿಗೆ ಹೋದೆ. ಪೂಜೆಗೆ ಹತ್ತು ಜನ ಇರಬಹುದು ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ನಲವತ್ತು ಜನ! ಟ್ರ್ಯಾಕ್ ಪ್ಯಾಂಟಿನವರು, ಟೋಪಿಯವರು, ನಾಯಿ ಹಿಡಿದವರು, ಕೆರೆ ಸುತ್ತಿ ಬೆವರಿ ಬಂದ ಅಪಾರ್ಟ್‌ಮೆಂಟಿನವರೆಲ್ಲ ಗಿರಿಯನ್ನು ಮುತ್ತಿಕೊಂಡಿದ್ದರು.

"ಬಸ್ ಎಲ್ಲಿ ಸರ್?"

"ಯಾವ್ ಬಸ್ಸು?" ಅಂದ ಗಿರಿ.

"ಬಸ್ ಹೋಟ್ಲು. ಇವತ್ತು ಚಿತ್ರಾನ್ನ ಅಂದ್ರಲ್ಲ?"

ಸುಬ್ರಮಣಿ ಅನ್ನುವ ಹಿರಿಯರೊಬ್ಬರು ತಮ್ಮ ಮೊಬೈಲನ್ನು ನನಗೆ ತೋರಿಸಿದರು. ಮೋನಿಕಾಳ ವಿಡಿಯೊ ಅವರ ಅಪಾರ್ಟ್‌ಮೆಂಟಿನ ಗ್ರೂಪಿಗೆ ಬಂದಿತ್ತಂತೆ. ನಾನು ಸೊನ್ನೆ ಕೊಟ್ಟು ಎದ್ದುಹೋದ ಮೇಲೆ ಕಂಡಕ್ಟ್ರಮ್ಮ ಸುಮ್ಮನೆ ಕೂತಿರಲಿಲ್ಲ. ಆಟದ ಬಸ್ಸಿನ ಪಕ್ಕದಲ್ಲಿ ನಿಂತು, ಒಂದು ಕೈ ಕಪಾಟಿನ ಮೇಲಿಟ್ಟು ಕೂಗುತ್ತಿದ್ದರು: "ಬಸ್ ಓಟ್ಲು ಬಂತು, ಬಸ್ ಓಟ್ಲು! ಜಕ್ಕೂರು ಕೆರೆ ಗೇಟು ಇಳಿಯೋರು ಬನ್ನಿ! ಇಲ್ಲಿ ತಟ್ಟೆ ಇಡ್ಲಿ, ಇಂದ್ಗಡೆ ಬಾಗ್ಲಾಗೆ ಕಾಫಿ, ಭಾನುವಾರ ಏಳು ಗಂಟೆಗೆ ಚಿತ್ರಾನ್ನ!"

ನನಗೆ ನಗು ತಡೆಯಲಾಗಲಿಲ್ಲ. ಬಸ್ಸು ಇನ್ನೂ ಕೊಡಿಗೇಹಳ್ಳಿಯಲ್ಲೂ ಇಲ್ಲ, ಆಗಲೇ ಹೆಬ್ಬಾಳ ಬಂತು ಅಂದುಬಿಟ್ಟಿದ್ದರು.

ಚಿತ್ರಾನ್ನವಂತೂ ಇತ್ತು. ಪೂಜೆಗೆ ಬರುವ ಕೆಲಸದವರಿಗೆಂದು ಒಂದು ಕೊಳದಪ್ಪಲೆ ತುಂಬ ಮಾಡಿ ತಂದಿದ್ದರು. ಬಂದವರನ್ನು ಹಸಿದು ಕಳಿಸುವ ಹೆಂಗಸೇ? "ಒಬ್ಬೊಬ್ರೇ ಬನ್ನಿ. ತಗಂಡೋರು ಮುಂದೆ ಓಗಿ, ಬಾಗ್ಲಲ್ಲಿ ನಿಲ್ಬೇಡಿ." ಬಾಗಿಲು ಎಲ್ಲಿತ್ತು ಅಲ್ಲಿ? ಬರೀ ಖಾಲಿ ಸೈಟು. ಆದರೂ ನಲವತ್ತು ಜನ ಸಾಲಾಗಿ, ಇಲ್ಲದ ಬಾಗಿಲಿನಿಂದ ಪಕ್ಕಕ್ಕೆ ಸರಿದು ತಿಂದರು.

ಗಿರಿಗೆ ಪೂಜೆಯ ಗಳಿಗೆ ಮೀರುತ್ತದೆ ಅಂತ ಚಡಪಡಿಕೆ. ಅರ್ಚಕರು ಗುದ್ದಲಿಗೆ ಅರಿಶಿನ ಕುಂಕುಮ ಇಟ್ಟು ಮಂಗಳಾರತಿ ಎತ್ತಿದ್ದೇ ತಡ, ಅವನು ಜೆಸಿಬಿ ಓಡಿಸುವ ವಹಾಬನಿಗೆ ಕೈ ಮಾಡಿದ. ಎಂಜಿನ್ ಗುರ್ರೆಂದಿತು. ಬಕೆಟ್ಟು ಮೇಲೆದ್ದಿತು.

ಆಗ ಕೇಳಿತು ವಿಷಲ್. ಒಂದೇ.

ಬೆಂಗಳೂರಿನ ಯಾವ ಡ್ರೈವರ್ ಆ ಸದ್ದು ಕೇಳಿ ಮುಂದೆ ಹೋಗುತ್ತಾನೆ? ವಹಾಬ್ ತಟ್ಟನೆ ಎಂಜಿನ್ ಆಫ್ ಮಾಡಿ ಹಿಂದೆ ತಿರುಗಿ ನೋಡಿದ.

"ಯಾಕಮ್ಮ?" ಗಿರಿ ಕಿರುಚಿದ.

ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ವಿಷಲ್ ಹಿಡಿದ ಕಂಡಕ್ಟ್ರಮ್ಮ ಕೆರೆಯ ಗೇಟಿನ ಕಡೆ ತೋರಿಸಿದರು. ಅಲ್ಲಿಂದ ಇನ್ನೂ ಏಳೆಂಟು ಜನ ಬರುತ್ತಿದ್ದರು. "ಇನ್ನೂ ಬಸ್ ಅತ್ತೋರು ಅವರೆ ಕಣೋ ಗಿರಿ. ನಿಲ್ಸು."

ಗಿರಿ ಆ ಜನರನ್ನು ನೋಡಿದ, ಕೊಳದಪ್ಪಲೆ ನೋಡಿದ, ತಾಯಿಯನ್ನು ನೋಡಿದ. ಕೊನೆಗೆ ನನ್ನ ಕಡೆ ತಿರುಗಿದ. "ಚನ್ನು ಮಾಮ, ನೀವೇ ಹೇಳಿ. ನೆನ್ನೆ ನೀವೇ ಸೊನ್ನೆ ಕೊಟ್ರಲ್ಲ?"

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಬಾಯಿ ತೆರೆಯುವುದರೊಳಗೆ ಮೋನಿಕಾ ಆಟದ ಬಸ್ಸನ್ನು ತಂದು ನನ್ನ ಕೈಗಿಟ್ಟಳು. "ತಾತ, ಅಜ್ಜಿ ನೆನ್ನೆ ಸಂಜೆ ಪೂರ್ತಿ ಕೂತು ಮತ್ತೆ ಕಟ್ಟಿದ್ರು. ಇನ್ನೊಂದ್ ಸಲ ಮಾರ್ಕ್ಸ್ ಕೊಡಿ."

ಒಲೆ ಹಿಂದಿನ ಬಾಗಿಲಿಗೆ ಹೋಗಿತ್ತು. ಸ್ಟೀರಿಂಗು ಕಿತ್ತು ಬಲಗಡೆಗೆ ಬಂದಿತ್ತು. ಅದರ ಹಿಂದೆ ಡ್ರೈವರ್ ಸೀಟು, ಸೀಟಿನ ಮೇಲೊಂದು ಗೊಂಬೆ. ಗೊಂಬೆಯ ಮೈಗೆ ಪಾರ್ಸಲ್ಲಿಗೆ ಅಂಟಿಸುವ ಕಂದು ಟೇಪನ್ನು ಕತ್ತರಿಸಿ ಖಾಕಿ ಅಂಗಿ ಮಾಡಿದ್ದರು.

"ಅಲ್ಲ ಕಂಡಕ್ಟ್ರಮ್ಮ," ಅಂದೆ, "ನಿಂತಲ್ಲೇ ನಿಲ್ಲೋ ಬಸ್ಸಿಗೆ ಡ್ರೈವರ್ ಯಾಕ್ರೀ?"

"ಮತ್ತೆ ನಾನು ವಿಷಲ್ ಯಾರಿಗ್ ಊದ್ಲಿ?" ಅಂದರು ಅವರು. ಅಂದು, ಮುಂದಿನವರ ತಟ್ಟೆಗೆ ಚಿತ್ರಾನ್ನ ಹಾಕಿದರು.

ನಲವತ್ತು ಜನರೆದುರು ಕಣ್ಣೊರೆಸಿಕೊಳ್ಳಲು ನನಗೇನೂ ನಾಚಿಕೆಯಾಗಲಿಲ್ಲ. "ನೆನ್ನೆದು ನನ್ ತಪ್ಪು ಗಿರಿ," ಅಂದೆ. "ಹತ್ತಕ್ಕೆ ಒಂಬತ್ತು."

"ಒಂದು ಯಾಕ್ ಕಟ್?" ಮೋನಿಕಾ ಕೇಳಿದಳು.

"ಕಂಬಿ ಇಲ್ಲಮ್ಮ. ನಿಂತೋರು ಏನ್ ಹಿಡ್ಕೋಬೇಕು?"

ಗಿರಿ ತಲೆ ಕೆರೆದುಕೊಂಡ. ತಟ್ಟೆ ನೆಕ್ಕುತ್ತಿದ್ದ ಸುಬ್ರಮಣಿಯವರನ್ನು, "ಸರ್, ದಿನಾ ಬರ್ತೀರಾ?" ಅಂತ ಕೇಳಿದ. "ದಿನಾ ಬರ್ತೀವಿ. ಬಸ್ ಯಾವಾಗ ಬರುತ್ತೆ ಅದ್ ಹೇಳಿ ಮೊದ್ಲು," ಅಂದರು ಅವರು. ಗಿರಿ ವಹಾಬನ ಹತ್ತಿರ ಹೋಗಿ ಏನೋ ಹೇಳಿದ. ಜೆಸಿಬಿ ಹಿಮ್ಮುಖವಾಗಿ ಹೊರಟಿತು. ಗುದ್ದಲಿ ಪೂಜೆ ವ್ಯರ್ಥವಾಗಬಾರದು ಅಂತ ಅದೇ ಗುದ್ದಲಿಯಲ್ಲಿ ಬಸ್ಸು ನಿಲ್ಲಿಸಲು ನೆಲ ಮಟ್ಟ ಮಾಡಿಸಿದ.

ಬಸ್ಸು ಬಂದು ಈಗ ನಾಲ್ಕು ತಿಂಗಳು. ಅದಕ್ಕೆ ಎಂಜಿನ್ನಿಲ್ಲ, ಗೇರಿಲ್ಲ, ಚಕ್ರಗಳನ್ನು ಕಾಂಕ್ರೀಟಿನಲ್ಲಿ ಕೂರಿಸಿದ್ದಾರೆ. ಉದ್ದಕ್ಕೂ ಕಂಬಿ ಇದೆ. ಡ್ರೈವರ್ ಸೀಟಿನಲ್ಲಿ ಗಿರಾಕಿಗಳು ಕೂರುವ ಹಾಗಿಲ್ಲ, ಅದು ನನ್ನದು. ಬೆಳಿಗ್ಗೆ ಖಾಕಿ ತೊಟ್ಟು, ಕಾಫಿ ಲೋಟ ಹಿಡಿದು ಕೂತಿರುತ್ತೇನೆ. ಏಳು ಗಂಟೆಗೆ ಸರಿಯಾಗಿ ಹಿಂದಿನ ಬಾಗಿಲಿನಿಂದ ಎರಡು ವಿಷಲ್ ಬೀಳುತ್ತದೆ. ನನ್ನ ಬಲಗಾಲು ಕೆಳಗೆ ಹೋಗುತ್ತದೆ.